ಮರ್ವಿನ್ನನ ಕಾಕ್‌ಪಿಟ್
ಟಾಸ್ಮೇನಿಯಾದ ನಮ್ಮ ದಕ್ಕೆಯಲ್ಲಿ ಮುದುಕ ಮರ್ವಿನ್ನನ ಹಾಯಿದೋಣಿ ನೀರು ಕಾಣದೆ ವರ್ಷಗಳೇ ಆದವು. ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್ ಹಿಂತುದಿಯಲ್ಲಿರಬೇಕೋ ನಡುವೆ ಇರಬೇಕೋ ಎಂಬುದೇ ಅವನಿಗಿನ್ನೂ ತೀರ್ಮಾನವಾಗಿಲ್ಲ. ದಕ್ಷಿಣದ ಚಳಿಗಾಳಿ ಎದ್ದರೆ ನಾವೆಲ್ಲ ಪಬ್ಬಿನ ಒಲೆಯ ಹತ್ತಿರ ಓಡುತ್ತೇವೆ, ಅವನು ಪ್ಲೈವುಡ್ ಹೊತ್ತು ದೋಣಿ ಹತ್ತುತ್ತಾನೆ. ಸುತ್ತ ಹಲಗೆ ನಿಲ್ಲಿಸಿ, ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತು, ಪೊರಕೆಯನ್ನೇ ಚುಕ್ಕಾಣಿ ಮಾಡಿಕೊಂಡು, ಮೂಗು ನೀಲಿಯಾಗುವ ತನಕ ಗಾಳಿಯ ರುಚಿ ನೋಡುತ್ತಾನೆ. "ಬೆನ್ನಿಗೆ ಬಡೀತು, ಇದೂ ಆಗಲ್ಲ" ಎಂದು ಎಲ್ಲ ಕಿತ್ತುಹಾಕುತ್ತಾನೆ. ಎಷ್ಟು ಸಲ ಕಟ್ಟಿದರೂ ದೋಣಿಯೊಳಗಿನ ಕೋಣೆಯ, ಅಂದರೆ ಕ್ಯಾಬಿನ್ನಿನ, ಕಡೆ ಮಾತ್ರ ಬಾಗಿಲಿಡದೆ ತೆರೆದೇ ಬಿಡುತ್ತಾನೆ. "ಒಳಗಿನ ಒಲೆ ಬಿಸಿಯೆಲ್ಲ ಅಲ್ಲೇ ಸೋರ್ತದೆ, ಒಂದು ಬಾಗ್ಲು ಹಾಕೋ ಮಾರಾಯ" ಎಂದು ನಾವು ಹೇಳಿದರೆ, "ಹಾಕಿದ್ರೆ ಒಳಗಿಂದ ಕರೆದದ್ದು ಕೇಳ್ಸಲ್ಲ" ಎನ್ನುತ್ತಾನೆ. ಕರೆಯಲು ಮನೆಯಲ್ಲೂ ದೋಣಿಯಲ್ಲೂ ಅವನನ್ನು ಬಿಟ್ಟು ಇನ್ನೊಬ್ಬರಿಲ್ಲ. ಮೊನ್ನೆ ಕ್ಯಾಬಿನ್ನಿನಲ್ಲಿ ನೀರು ಕಾಯಿಸಿ ನಾನೇ ಕೂಗಿದೆ: "ಮರ್ವಿನ್, ಟೀ ಆಯ್ತು, ಬಾರೋ!" ಇಣುಕಿ ನೋಡಿದೆ. ಪೊರಕೆ ಆಡಿಸುತ್ತಿದ್ದ ಕೈ ನಿಂತಿತ್ತು, ಕಿವಿ ಇತ್ತ ವಾಲಿತ್ತು. ಆದರೂ ಇನ್ನೊಮ್ಮೆ ಕರೆಯಲಿ ಎಂಬಂತೆ, ತಿರುಗದೆ ಕೂತಿದ್ದ. ಕರೆದೆ.