ದೊಡ್ಡಮ್ಮನ ಆಲಿವ್ ಗಿಡಕ್ಕೆ ಮೊದಲ ನೀರು

ನನ್ನ ಉಗುರು ತಾಗಿದ್ದೇ ತಡ, ಬಾಡುತ್ತಿದ್ದ ಆಲಿವ್ ಗಿಡದ ಬೇರಿನ ತೊಗಟೆ ಬಿಟ್ಟುಕೊಂಡಿತು. ಅದರಡಿ ಬೀಸಣಿಗೆಯ ಹಾಗೆ ಹರಡಿದ ತೆಳು ಬಿಳಿ ಪದರ. ಮೂಗಿನ ಹತ್ತಿರ ಹಿಡಿದರೆ ಅಣಬೆಯ ವಾಸನೆ.

ಆ ಪದರದ ಪರಿಚಯ ನನಗಿತ್ತು. ಪ್ರಯೋಗಾಲಯದಲ್ಲಿ ಅದನ್ನು ಗಾಜಿನ ತಟ್ಟೆಗಳಲ್ಲಿ ನಾನೇ ಬೆಳೆಸುತ್ತಿದ್ದೆ. ಬೇರು ಕೊಳೆಸುವ ಶಿಲೀಂಧ್ರ. ಅದನ್ನು ತಡೆದುಕೊಳ್ಳುವ ಆಲಿವ್ ಗಿಡ ಮಾಡುವುದು ನಮ್ಮ ಕೆಲಸವಾಗಿತ್ತು. ಎಳೆಯ ಅಂಗಾಂಶಕ್ಕೆ ಹೊರಗಿನ ಒಂದು ಜೀನ್ ಸೇರಿಸುತ್ತಿದ್ದೆವು. ಅದರಿಂದ ಬೇರಿನಲ್ಲಿ ಶಿಲೀಂಧ್ರದ ಗೋಡೆಯನ್ನು ಕರಗಿಸುವ ಕಿಣ್ವ ಹುಟ್ಟಬೇಕು. ಕುಂಡಗಳಲ್ಲಿ ಕೆಲವು ಗಿಡಗಳು ರೋಗಕ್ಕೆ ಸೋಲದೆ ನಿಂತಿದ್ದವು. ಆದರೆ ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆ ಪಕ್ಕದ ದೊಡ್ಡಮ್ಮನ ಹೊಲದಲ್ಲಿ, ಅದೇ ಬಿಳಿ ಪದರ ನನ್ನ ಬೆರಳಿಗೆ ಅಂಟೀತೆಂದು ಎಣಿಸಿರಲಿಲ್ಲ.

ದೊಡ್ಡಮ್ಮ ಅಮ್ಮನ ಅಕ್ಕ. ಕಾಲೇಜಿನ ವರ್ಷಗಳಲ್ಲಿ ನಾನು ಇದ್ದುದು ಅವಳ ಮನೆಯಲ್ಲೇ. ಸಂಶೋಧನೆಗೆ ಸೇರಿದ ಮೇಲೆ ಒಮ್ಮೆ, ಯಾವ ಜೀನೂ ಸೇರಿಸದ ಸಾಮಾನ್ಯ ಸಸಿಗಳು ಮಿಕ್ಕಿದ್ದಾಗ, ಒಂದನ್ನು ಕೇಳಿ ಅವಳಿಗೆ ತಂದುಕೊಟ್ಟಿದ್ದೆ. ಕಾಯಿ ಬಿಡಲು ಚಳಿ ಬೇಕು, ಈ ಕಡೆ ಬಿಡಲಿಕ್ಕಿಲ್ಲ ಎಂದು ಮೊದಲೇ ಹೇಳಿದ್ದೆ.

"ಕಾಯಿ ಯಾರಿಗಿ ಬೇಕಾಗ್ಯಾದ? ನಿಮ್ಮ ಹುಡುಗಿ ಏನು ಓದತಾಳ ಅಂತ ಕೇಳಿದವರಿಗಿ ತೋರ್ಸಾಕ ಒಂದು ಇರಲಿ," ಅಂದಿದ್ದಳು.

ಹಾಗೇ ತೋರಿಸುತ್ತಿದ್ದಳು. ಹೊಲಕ್ಕೆ ಬಂದವರ ಮುಂದೆ ಎಲೆ ತಿರುವಿ, ಅದರ ಬೆಳ್ಳಿ ಬೆನ್ನನ್ನು ತೋರಿಸಿ, "ನಮ್ಮ ಹುಡುಗಿ ಓದೋ ಗಿಡ ಇದ," ಎನ್ನುತ್ತಿದ್ದಳಂತೆ.

ಕಾಲುವೆ ಬರುವ ಮೊದಲು ತಲೆಯ ಮೇಲೆ ಕೊಡ ಹೊತ್ತವಳು ದೊಡ್ಡಮ್ಮ. ಬಂದ ನೀರನ್ನು ಬೇಡವೆನ್ನುವುದು ಅವಳಿಂದಾಗದು. ಬೇಸಿಗೆ ಕಳೆದು ಕಾಲುವೆಗೆ ನೀರು ಬಿಟ್ಟ ದಿನ ಅರಿಶಿನ ಕುಂಕುಮ ಹಾಕಿ, ಮೊದಲ ನೀರನ್ನು ಹೊಲದಲ್ಲಿ ತನಗೆ ಹೆಚ್ಚು ಬೇಕಾದದ್ದಕ್ಕೆ ತಿರುಗಿಸುವುದು ಅವಳ ಪದ್ಧತಿ. ಹಿಂದೆ ಅದು ಮೆಣಸಿನ ಗಿಡಗಳಿಗೆ ಹೋಗುತ್ತಿತ್ತು. ಸಸಿ ನೆಟ್ಟಮೇಲೆ ಆಲಿವ್‌ಗೆ. ಬುಡದ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಪ್ರತಿ ಪಾಳಿಯಲ್ಲೂ ತುಂಬಿ ತುಳುಕುವಷ್ಟು ಬಿಡುತ್ತಿದ್ದಳು. ಕರಿಮಣ್ಣು ಆ ನೀರನ್ನು ಬಿಟ್ಟುಕೊಡುತ್ತಿರಲಿಲ್ಲ. ಮೇಲಿನ ಭತ್ತದ ಗದ್ದೆಯಿಂದಲೂ ಜಿನುಗುತ್ತಿತ್ತು.

"ಏನಾಗ್ಯಾದ ಅದಕ್ಕ?" ಬಗ್ಗಿ ಕೇಳಿದಳು.

"ಬೇರು ಕೊಳತಾವ, ದೊಡ್ಡಮ್ಮ."

ಮೇಲಿನ ಗದ್ದೆಯವನು ಬದುವಿನ ಮೇಲೆ ನಿಂತಿದ್ದ. "ಅಕ್ಕಾ, ನಿನ್ನ ವಿಲಾಯತಿ ಸೊಸಿಗಿ ನಮ್ಮ ನೀರು ಹಿಡಿಸಿಲ್ಲ ನೋಡು."

"ನಿನ್ನ ಭತ್ತದ ನೀರು ನನ್ನ ಹೊಲಕ್ಕ ಇಳಿಸೋದು ಬಿಡು ಮೊದಲ, ಆಮ್ಯಾಲ ನನ್ನ ಸೊಸಿ ಸುದ್ದಿ ಮಾತಾಡು," ಎಂದಳು. ಅವನು ನಕ್ಕು ಹೋದ. ದೊಡ್ಡಮ್ಮ ನಗಲಿಲ್ಲ.

"ನೀ ಮಾಡೀದಿಯಲ್ಲ, ಗಟ್ಟಿ ಗಿಡ. ಅದರಾಗ ಒಂದು ತಂದುಕೊಡು. ಇದೇ ಜಾಗದಾಗ ಹಚ್ಚತೀನಿ."

"ಅದನ್ನ ಹೊರಗ ತರಾಕ ಬರಂಗಿಲ್ಲ. ಪರೀಕ್ಷಾ ಎಲ್ಲಾ ಮುಗೀಬೇಕು, ಸರ್ಕಾರ ಒಪ್ಪಬೇಕು."

"ಯಾವಾಗ ಮುಗೀತಾದ?"

"ಗೊತ್ತಿಲ್ಲ."

"ಅಂದ್ರ ನಾ ಇದ್ದಾಗ ಅಲ್ಲ ಬಿಡು," ಎಂದು ಸೆರಗಿನಿಂದ ಕೈ ಒರೆಸಿಕೊಂಡಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಅಷ್ಟು ನೀರು ನಿಂತ ಮಣ್ಣಿನಲ್ಲಿ ನಮ್ಮ ಗಿಡ ಕೂಡ ಬದುಕುತ್ತಿತ್ತೋ ಇಲ್ಲವೋ. ನಾವು ಪರೀಕ್ಷಿಸಿದ್ದು ಶಿಲೀಂಧ್ರವನ್ನು ಮಾತ್ರ. ಗಿಡದ ಮೇಲೆ ಇಷ್ಟು ಅಕ್ಕರೆ ಇರುವವರ ಕೈಯನ್ನಲ್ಲ. ಇದನ್ನು ಅವಳಿಗೆ ಹೇಳುವುದು ಹೇಗೆಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ನೀರು ಕಡಿಮೆ ಮಾಡು ಎಂದಷ್ಟೇ ಹೇಳಿದೆ. ಅವಳು ಕಾಲುವೆಯ ಕಡೆ ನೋಡುತ್ತ, "ಮೊದಲ ನೀರು ಇದಕ್ಕ ಬಿಟ್ಟಿದ್ದೆ," ಎಂದಳು.

ಮರುದಿನ ಬೆಳಿಗ್ಗೆ ಗಿಡದ ತುದಿಯಲ್ಲಿ ಇನ್ನೂ ಹಸಿರಾಗಿದ್ದ ಒಂದು ಕೊಂಬೆಯಿಂದ ಕೆಲವು ಕಡ್ಡಿ ಕತ್ತರಿಸಿದೆ. ಬುಡವನ್ನು ಬೇರುಸಹಿತ ಅಗೆದು ಸುಟ್ಟೆ. ಗುಂಡಿಯನ್ನು ಬಿಸಿಲಿಗೆ ತೆರೆದಿಟ್ಟೆ. ತಳ ತೂತಾದ ಹಳೆಯ ಮಡಕೆಗೆ ಹಳ್ಳದ ಮರಳು ತುಂಬಿ, ಬೇರು ಬಿಡಲೆಂದು ಕಡ್ಡಿಗಳನ್ನು ಚುಚ್ಚಿ, ಯಾವ ಕಾಲುವೆಯೂ ಹತ್ತಲಾರದ ಮಾಳಿಗೆಯ ಮೇಲೆ, ನೆರಳಲ್ಲಿಟ್ಟೆ. ದೊಡ್ಡಮ್ಮ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅದರಿಂದ ಒಂದು ಲೋಟ ತೆಗೆದು ಮರಳಿಗೆ ಹಾಕಿದೆ.

"ಇಷ್ಟನ?" ಎಂದಳು.

ಉಳಿದದ್ದನ್ನು ಕೆಳಗೆ ಒಯ್ದು ಎಮ್ಮೆಯ ಬಾನಿಗೆ ಸುರಿದೆ.