ಕೆಂಪು ಚುಕ್ಕಿಯ ಮೊಟ್ಟೆ

ಆಗೆಲ್ಲ ಭದ್ರಾವತಿಯ ನ್ಯೂ ಟೌನ್ ಹಿಂದಿನ ನಮ್ಮ ಅಂಗನವಾಡಿಯಲ್ಲಿ ಹನ್ನೆರಡು ಗಂಟೆಗೆ ಸಾಂಬಾರಿನ ಘಮ ಏಳುತ್ತಿತ್ತು. ಘಮ ಮಾತ್ರ ದಟ್ಟ. ಸಾಂಬಾರು ಎಷ್ಟು ತೆಳುವೆಂದರೆ ತಟ್ಟೆಯಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ಮುಖ ನೋಡಿಕೊಂಡು ಉಣ್ಣಲು ಧೈರ್ಯ ಬೇಕಿತ್ತು. ನನಗೆ ಐದು, ತಂಗಿ ಶಬಾನಾಳಿಗೆ ಮೂರು. ನಾನು ಟೀಚರಮ್ಮನ ಮೂಗಿನ ದನಿ ತೆಗೆದು "ಕೈ ತೊಳ್ಕಳ್ರೋ, ಕೋತಿಗಳಾ" ಎಂದರೆ ಇಡೀ ಸಾಲು ಎದ್ದು ನಲ್ಲಿಗೆ ಓಡುತ್ತಿತ್ತು.

ತಿಂಗಳಿಗೊಮ್ಮೆ ತೂಕ. ತೊಲೆಗೆ ತಕ್ಕಡಿ ನೇತುಹಾಕಿ, ಚಡ್ಡಿಯಂಥ ಚೀಲದಲ್ಲಿ ನಮ್ಮನ್ನು ಕೂರಿಸಿ, ಚಾರ್ಟಿನಲ್ಲಿ ಚುಕ್ಕಿ ಇಡುತ್ತಿದ್ದರು: ಹಸಿರು, ಹಳದಿ, ಕೆಂಪು. ಶಬಾನಾ ಯಾವಾಗಲೂ ಕೆಂಪು. ಆ ದಿನ ಅಮ್ಮಿ ಮನೆಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೆಂಪೆಂದರೆ ಫೇಲ್ ಎಂದುಕೊಂಡೆ.

"ಈ ಸಲ ನಿನ್ನ ಪಾಸ್ ಮಾಡಿಸ್ತೀನಿ ಕಣೆ," ಎಂದು ಅಬ್ಬಾನ ಗ್ಯಾರೇಜಿನಿಂದ ಲಾರಿ ಚಕ್ರದ ನಟ್ಟುಗಳನ್ನು ತಂದು ಅವಳ ಫ್ರಾಕಿನ ಜೇಬಿಗೆ ತುಂಬಿದೆ.

"ಭಾರ, ಭಾಯ್."

"ಅಲ್ಲಾಡ್ಬೇಡ. ಸದ್ದಾಗುತ್ತೆ."

"ಅಯ್ಯೋ ಮಾರಾಯ್ತಿ, ನಿನ್ ಮಗಳು ಹಳದಿಗೆ ಬಂದ್ಲು!" ಎಂದು ಟೀಚರಮ್ಮ ಅಮ್ಮಿಯ ಬೆನ್ನು ತಟ್ಟಿದರು. ಅಮ್ಮಿ ಗಲ್ಲಿಗೆಲ್ಲ ಸಕ್ಕರೆ ಹಂಚಿದಳು.

ಮರುವಾರ ಶಬಾನಾಳ ತಟ್ಟೆಗೆ ಮೊಟ್ಟೆ ಬೀಳಲಿಲ್ಲ. ವಾರಕ್ಕೆ ಮೂರು ಸಲ ಕೊಡುತ್ತಿದ್ದ ಆ ಮೊಟ್ಟೆ ಕೆಂಪು ಚುಕ್ಕಿಯವರಿಗೆ ಮಾತ್ರವಂತೆ. ಮನೆಯಲ್ಲಿ ಮೊಟ್ಟೆಯೆಂದರೆ ಹಬ್ಬ. ಅವಳು ಪಕ್ಕದವಳ ತಟ್ಟೆ ನೋಡಿದಳು, ಆಮೇಲೆ ನನ್ನನ್ನು.

ಓಡಿದೆ. "ಟೀಚರ್, ಅದು ಅವಳ ತೂಕ ಅಲ್ಲ, ನಟ್ಟಿಂದು!"

"ಹೋಗೋ! ಬೆಳಗ್ಗೆ ನನ್ ದನಿ ತೆಗ್ದೆ, ಈಗ ಅಳೋ ನಾಟಕನಾ?"

ನಿಜವಾಗಿಯೇ ಅಳುತ್ತಿದ್ದೆ. ಅದೂ ಚೆನ್ನಾಗಿ ಬಂದಿರಬೇಕು, ಎಲ್ಲರೂ ನಕ್ಕರು.

ಮುಂದಿನ ತಿಂಗಳು ಚುಕ್ಕಿ ಕೆಂಪಿಗೇ ಇಳಿಯಿತು. "ಮೊಟ್ಟೆ ಪಟ್ಟಿ ಮೇಲಿನ ಆಫೀಸಿಗೆ ಹೋಗಿಬಿಟ್ಟಿದೆ, ಹೊಸದು ಬರ್ಲಿ," ಎಂದರು ಟೀಚರಮ್ಮ. ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು, ಶಬಾನಾ ಎರಡು ಸಲ ಜ್ವರದಲ್ಲಿ ಮಲಗಿ ಎದ್ದಿದ್ದಳು. ಹಿಂದುಳಿದ ಅವಳ ಬೆಳವಣಿಗೆ ಮತ್ತೆ ಓರಗೆಯವರ ಸಾಲಿಗೆ ಸೇರಲೇ ಇಲ್ಲ. ಆ ಒಂದು ಮಳೆಗಾಲದಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದ್ದೇನೆ. ಹಾಗೆ ಹೇಳಲಾಗದು ಎನ್ನುತ್ತಾರೆ. ಅಲ್ಲ ಎಂದೂ ಹೇಳುವುದಿಲ್ಲ.

ಹೋದ ತಿಂಗಳು ಅವಳ ಮದುವೆಯ ಬಟ್ಟೆಗೆಂದು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದೆವು. ತೆಗೆದ ಲೆಹೆಂಗಾಗಳೆಲ್ಲ ನೆಲ ಗುಡಿಸಿದವು. ಅಂಗಡಿಯವನು ತಲೆ ತುರಿಸಿಕೊಂಡು, ಅವಳಿಗೆ ಕೇಳಿಸದಂತೆ ನನಗೆ ಹೇಳಿದ: "ಮಕ್ಕಳ ಸೈಜಲ್ಲಿ ನೋಡೋಣ್ವಾ, ಭಾಯ್?"

ಕೇಳಿಸಿತ್ತು.

"ತೆಗೀರಿ," ಎಂದಳು ಶಬಾನಾ. "ಇನ್ನೇನ್ ಬೆಳೀತೀನಾ?"