ಮ್ಯಾಲಿನ ಸರ್ ಕೇಳಿದ ಮಾತು

ನಮ್ಮ ಮನೆಯ ಮಹಡಿ ಮೆಟ್ಟಿಲಿನ ಬಾಗಿಲು ಮ್ಯಾಲಿನ ಸರ್ ಅವರ ಎತ್ತರಕ್ಕೆ ಮಾಡಿದ್ದಲ್ಲ. ದಿನಕ್ಕೆ ನಾಲ್ಕು ಸಲ ಕುತ್ತಿಗೆ ಬಗ್ಗಿಸಿ ಹತ್ತಿ ಇಳಿದು ರೂಢಿಯಾಗಿ, ಬಯಲಿನಲ್ಲಿ ನಡೆಯುವಾಗಲೂ ಅವರ ತಲೆ ಒಂಚೂರು ಎಡಕ್ಕೆ ವಾಲಿರುತ್ತಿತ್ತು. ಬಂದ ಮೊದಲ ದಿನವೇ ಚೌಕಟ್ಟಿಗೆ ಹಣೆ ಬಡಿಸಿಕೊಂಡಿದ್ದರು. ಅವ್ವ ಅರಿಷಿಣ ಹಿಡಿದು ಓಡಿದರೆ, "ತಪ್ಪು ಬಾಗಿಲಿನದಲ್ಲ, ನಾನು ಹೆಚ್ಚಾಗಿದ್ದೇನೆ" ಎಂದು ನಕ್ಕರು. ಅವ್ವನಿಗೆ ಇಂಗ್ಲಿಷ್ ಬಾರದು. ನಾನು ಹೇಳಿದ ಮೇಲೆ ಅವಳೂ ನಕ್ಕಳು.

ಆಗ ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿ. ಅಪ್ಪ ಸಚಿವಾಲಯದಲ್ಲಿ ನೌಕರಿಯಲ್ಲಿದ್ದ. ಕಲಬುರಗಿ ಕಡೆಯಿಂದ ಬಂದು ಹಿಮಾಯತ್‌ನಗರದ ಓಣಿಯಲ್ಲಿ ಮನೆ ಕಟ್ಟಿಸಿದವನು ಅಜ್ಜ. ಮೇಲಿನ ಎರಡು ಖೋಲಿ ಬಾಡಿಗೆಗೆ ಕೇಳಿಕೊಂಡು ಬಂದ ಇವರು ಆಡಿಸ್ ಅಬಾಬಾದವರು. ಅಲ್ಲಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು, ಇಲ್ಲಿ ಡಾಕ್ಟರೇಟ್ ಮಾಡಲು ಬಂದಿದ್ದರು. ವಯಸ್ಸು ನಲವತ್ತರ ಹತ್ತಿರ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಮಾಂಸದ್ದು. ಅವರ ಧರ್ಮದಲ್ಲಿ ಬುಧವಾರ, ಶುಕ್ರವಾರ, ಅಲ್ಲದೆ ಈಸ್ಟರಿಗೆ ಮುಂಚಿನ ಸುಮಾರು ಎರಡು ತಿಂಗಳು ಮಾಂಸವಿರಲಿ, ಹಾಲು ಕೂಡ ಮುಟ್ಟುವುದಿಲ್ಲವಂತೆ. ಉಳಿದ ದಿನ ಹೊರಗೆ ತಿಂದು ಬರುತ್ತೇನೆ ಎಂದರು. "ನಮಗಿಂತ ಕಡು ಮಡಿ ಅದಾರಲೇ" ಎಂದು ಅಪ್ಪ ಕೀಲಿಕೈ ಕೊಟ್ಟ.

ನಾವು ಅವರನ್ನು ಮ್ಯಾಲಿನ ಸರ್ ಅನ್ನುತ್ತಿದ್ದೆವು. ಮನೆಯ ಮಗಳು ನಾನು ಆಗ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದೆ, ಎರಡು ಪೇಪರಿನಲ್ಲಿ ಫೇಲಾಗಿದ್ದೆ. ಭಾನುವಾರ ಅವರು ಕಬ್ಬಿಣದ ಬಾಣಲೆಯಲ್ಲಿ ಹಸಿ ಕಾಫಿ ಬೀಜ ಹುರಿಯುತ್ತಿದ್ದರು. ವಾಸನೆ ಓಣಿಯ ತುದಿಯವರೆಗೆ ಹೋಗುತ್ತಿತ್ತು. ಮೂರು ಸುತ್ತು ಕಾಫಿ ಕುಡಿಯುವಷ್ಟು ಹೊತ್ತು ನನಗೆ ಪಾಠ. "ಲೆಕ್ಕ ತಪ್ಪಿದರೆ ಯಾರಾದರೂ ತಿದ್ದುತ್ತಾರೆ, ಕಂಡದ್ದನ್ನೇ ತಪ್ಪಾಗಿ ಬರೆದರೆ ದೇವರೂ ತಿದ್ದಲಾರ" ಎಂಬುದು ಅವರ ಮಾತು. ಎರಡೂ ಪೇಪರು ಪಾಸಾದೆ.

ಓಣಿ ಅವರನ್ನು ಹೇಗೆ ನೋಡುತ್ತಿತ್ತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಹಿಂದಿನಿಂದ "ಕಾಲಿಯಾ", ಕರಿಯ, ಎಂದು ಕೂಗುವುದು. ಅವರು ಎದುರಾದರೆ ಹೆಂಗಸರು ಸೆರಗು ಮೂಗಿಗೆ ಹಿಡಿಯುವುದು. ಕಿರಾಣಿ ಅಂಗಡಿಯವನು ಪೊಟ್ಟಣ ಕೈಗೆ ಕೊಡದೆ ಹಲಗೆಯ ಮೇಲೆ ಎಸೆಯುವುದು. ಅವರಿಗೆ ಹಿಂದಿ ತಿಳಿಯುವುದಿಲ್ಲ ಎಂದುಕೊಂಡಿದ್ದರು. ಒಂದು ವರ್ಷದಲ್ಲಿ ಹಿಂದಿಯಷ್ಟೇ ಅಲ್ಲ, ತೆಲುಗೂ ಅವರಿಗೆ ತಿಳಿಯುತ್ತಿತ್ತು. "ಬಸ್ಸಿನಲ್ಲಿ ನನಗೆ ಯಾವಾಗಲೂ ಎರಡು ಸೀಟು, ಮಹಾರಾಜರ ಹಾಗೆ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಅದು ನಗುವ ಮಾತಲ್ಲವೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಎರಡನೆಯ ವರ್ಷ ಊರಿನಲ್ಲಿ ಅವರ ತಾಯಿ ತೀರಿಕೊಂಡರು. ಮಣ್ಣಿಗೆ ಹೋಗಲಾಗಲಿಲ್ಲ. ಹೆಂಡತಿ ತನ್ನ ಅಣ್ಣನ ಮನೆ ಸೇರಿದಳು, ಫೋನು ನಿಂತಿತು. ಯೂನಿವರ್ಸಿಟಿಯಲ್ಲಿ ಜೊತೆಗಿದ್ದ ಅವರ ದೇಶದ ಇಬ್ಬರು ಓದು ಮುಗಿಸಿ ಹೊರಟುಹೋದರು. ಕಾಫಿಯ ವಾಸನೆ ಬರುವುದು ನಿಂತಿತು. ಮೇ ತಿಂಗಳ ಝಳದಲ್ಲೂ ಕಿಟಕಿ ಮುಚ್ಚಿಕೊಂಡು ಕೂರತೊಡಗಿದರು.

ಒಂದು ಮಧ್ಯಾಹ್ನ ಕೆಳಗೆ ಬಂದು ಕೇಳಿದರು, "ಹೊರಗೆ ಈಗ ಯಾರಾದರೂ ನನ್ನ ವಿಷಯ ಮಾತಾಡುತ್ತಿದ್ದಾರಾ?"

ನಾನು ಬಾಗಿಲಿಗೆ ಹೋಗಿ ಕಿವಿಗೊಟ್ಟೆ. ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

"ಇಲ್ಲ ಸರ್."

"ನನಗೆ ಕೇಳಿಸುತ್ತಿದೆ. ನನ್ನ ಭಾಷೆಯಲ್ಲೇ ಬೈಯುತ್ತಿದ್ದಾರೆ. ಇಲ್ಲಿ ನನ್ನ ಭಾಷೆ ಯಾರಿಗೆ ಬರುತ್ತದೆ?" ಬಾಗಿಲ ಕಡೆ ಕೈ ತೋರಿಸಿ, "ನಿನ್ನೆ ಪಾನ್ ಅಂಗಡಿಯ ಹತ್ತಿರ ಇಬ್ಬರು ಮಂಗ ಎಂದರಲ್ಲ, ಅದು?"

"ಅದು ಅಂದದ್ದು ಖರೆ ಸರ್. ನಾನೂ ಕೇಳಿದೆ."

ಅವರ ಮುಖ ಹಗುರಾಯಿತು. "ಹಾಗಾದರೆ ಅದು ನಿಜ. ಒಳ್ಳೆಯದು" ಎಂದರು. ಬೈಗುಳ ನಿಜವೆಂದು ಗೊತ್ತಾಗಿ ಸಮಾಧಾನಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಈವರೆಗೆ ನೋಡಿಲ್ಲ. "ಇನ್ನು ಮುಂದೆ ಕೇಳುತ್ತೇನೆ. ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ನನಗಾಗಿ ಸುಳ್ಳು ಹೇಳಬೇಡ."

ಬೇಸಿಗೆಯೆಲ್ಲ ಹೀಗೇ ನಡೆಯಿತು. ಇಲ್ಲ ಎಂದರೆ ತಲೆಯಾಡಿಸಿ ಮೇಲೆ ಹೋಗಿ ಕೆಲಸಕ್ಕೆ ಕೂರುತ್ತಿದ್ದರು. ಹೌದು ಎಂದರೂ ಹಾಗೆಯೇ. ಥೀಸಿಸ್ಸಿನ ಮೂರು ಅಧ್ಯಾಯ ಆ ಬೇಸಿಗೆಯಲ್ಲೇ ಮುಗಿಸಿದರು.

ಆಮೇಲೆ ಒಂದು ರಜೆಯ ದಿನ ಬೆಳಿಗ್ಗೆ ಓಣಿಯ ಐದು ಜನ ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ಅವನು ಒಬ್ಬನೇ ಮಾತಾಡುತ್ತಾನೆ, ಕಾಡಿನಿಂದ ಬಂದವನು, ಯಾವತ್ತು ಏನು ಮಾಡುತ್ತಾನೋ ಎಂದರು. ಎದುರು ಮನೆಯವರು ತೆಲುಗಿನಲ್ಲಿ "ಎರ್ರಗಡ್ಡಕು ಪಂಪಿಂಚಂಡಿ", ಎರ್ರಗಡ್ಡಕ್ಕೆ ಕಳಿಸಿಬಿಡಿ, ಎಂದರು. ನಮ್ಮೂರಿನಲ್ಲಿ ಎರ್ರಗಡ್ಡ ಎಂದರೆ ಹುಚ್ಚಾಸ್ಪತ್ರೆ ಎಂದೇ ಅರ್ಥ. ಬೆಳೆದ ಹುಡುಗಿ ಇರುವ ಮನೆ ಎಂದು ನನ್ನ ಕಡೆಗೂ ನೋಡಿದರು. ಅಪ್ಪ, "ಹುಚ್ಚ ಅದಾನ, ನನಗೂ ಗೊತ್ತೈತ್ರಿ. ಮನಿ ಬಿಡಿಸ್ತೀನಿ" ಎಂದ. ಎಲ್ಲವೂ ಅವರ ಕಿಟಕಿಯ ಕೆಳಗೆ, ಗಟ್ಟಿ ದನಿಯಲ್ಲಿ.

ಅವರೆಲ್ಲ ಹೋದ ಮೇಲೆ ಅಪ್ಪ ನನಗೆ ಹೇಳಿದ, "ಕೇಳಿದ್ರ ಏನೂ ಇಲ್ಲ ಅನ್ನು. ಐತವಾರ ವರನ ಕಡ್ಯಾವ್ರು ಬರಾಕತ್ತಾರ. ಗದ್ದಲ ಬ್ಯಾಡ."

ಸರ್ ಕೆಳಗೆ ಬಂದಾಗ ನನ್ನ ಕೈಯಲ್ಲಿ ಎಂಜಲು ಕಪ್ಪುಗಳ ತಟ್ಟೆಯಿತ್ತು.

"ಈಗ ಇಲ್ಲಿ ನನ್ನನ್ನು ಹುಚ್ಚ ಎಂದರು. ಕಾಡಿನವನು ಎಂದರು. ನಿನ್ನ ತಂದೆಯ ದನಿಯೂ ಇತ್ತು. ನಿಜವಾ?"

"ಇಲ್ಲ ಸರ್," ಎಂದೆ. "ಅಪ್ಪನ ಆಫೀಸಿನ ಮಾತು ನಡೆದಿತ್ತು."

ಕಪ್ಪುಗಳನ್ನು ನೋಡಿದರು. ನನ್ನನ್ನು ನೋಡಿದರು. ಕಪ್ಪುಗಳಿಗಿಂತ ನನ್ನನ್ನು ನಂಬಿದರು. "ಅಷ್ಟು ಸ್ಪಷ್ಟವಾಗಿ ಕೇಳಿಸಿತು," ಎಂದು ಮೆಲ್ಲಗೆ ಅಂದು, "ಹಾಗಾದರೆ ನನಗೆ ತೀರಾ ಹೆಚ್ಚಾಗಿದೆ" ಎಂದು ಮೆಟ್ಟಿಲು ಹತ್ತಿದರು.

ಮರುದಿನ ತಾವಾಗಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಅಪ್ಪನನ್ನು ಕೇಳಿಕೊಂಡರು. ನಾನೂ ಜೊತೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ತಾಯಿ ಹೋದದ್ದು, ಯಾರ ಜೊತೆ ಮಾತಾಡುತ್ತೀರಿ, ಊಟ, ನಿದ್ದೆ, ಎಲ್ಲ ಕೇಳಿದಳು. ಕೊನೆಗೆ ನಮ್ಮ ಕಡೆ ತಿರುಗಿ, "ಅಕ್ಕಪಕ್ಕದವರು ಇವರನ್ನು ಬೈಯುವುದು, ಹೀಯಾಳಿಸುವುದು ಉಂಟಾ? ಇದ್ದರೆ ಹೇಳಿ. ನನಗೆ ಅದು ಗೊತ್ತಾಗಲೇಬೇಕು" ಎಂದಳು.

"ಛೇ, ಇಲ್ಲಮ್ಮ. ಭಾಳ ಒಳ್ಳೆ ಜನ" ಎಂದ ಅಪ್ಪ.

ನಾನು ನೆಲ ನೋಡುತ್ತಿದ್ದೆ. ಅವಳು ಬರೆದುಕೊಂಡಳು. ಸರ್ ಕೂಡ ಹೌದೆಂದು ತಲೆಯಾಡಿಸಿದರು.

ಅವಳು ಬರೆದುಕೊಟ್ಟದ್ದರ ಮೇಲೆ ಯೂನಿವರ್ಸಿಟಿಯವರು ತಿಂಗಳೊಳಗೆ ಅವರನ್ನು ಊರಿಗೆ ವಿಮಾನ ಹತ್ತಿಸಿದರು. ಥೀಸಿಸ್ ಅರ್ಧಕ್ಕೆ ನಿಂತಿತು. ಗೇಟಿನಲ್ಲಿ ಟ್ಯಾಕ್ಸಿ ಹತ್ತುವ ಮುಂಚೆ ನನ್ನ ಎರಡೂ ಕೈ ಹಿಡಿದು, "ನೀನಿಲ್ಲದಿದ್ದರೆ ಯಾವುದು ನಿಜವೆಂದು ನನಗೆ ಗೊತ್ತಾಗುತ್ತಲೇ ಇರಲಿಲ್ಲ" ಎಂದರು. ವರನ ಕಡೆಯವರು ಅದಕ್ಕೂ ಮುಂಚೆಯೇ ಬಂದು, ಉಪ್ಪಿಟ್ಟು ತಿಂದು, ಹುಡುಗಿಯ ಬಣ್ಣ ಸ್ವಲ್ಪ ಕಡಿಮೆ ಎಂದು ಹೇಳಿ ಕಳಿಸಿಯಾಗಿತ್ತು.

ಅವರು ಕಲಿಸಿದ ವಿದ್ಯೆಯಿಂದಲೇ ಇವತ್ತು ನನ್ನ ಅನ್ನ. ಕೊಂಡಾಪುರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಅಪ್ಪ ಹೋದ ಮೇಲೆ ಧೈರ್ಯ ಬಂದು, ಅವರ ಕಾಲೇಜಿನ ವಿಳಾಸಕ್ಕೆ ಒಂದು ಪತ್ರ ಬರೆದೆ. ಆ ದಿನ ನೀವು ಕೇಳಿದ್ದೆಲ್ಲ ನಿಜ, ಒಂದೊಂದು ಮಾತೂ ನಿಜ, ಅಪ್ಪನ ದನಿಯೂ ನಿಜ, ಸುಳ್ಳು ಹೇಳಿದ್ದು ನಾನು ಎಂದು.

ನಾಲ್ಕು ತಿಂಗಳ ಮೇಲೆ ಅವರ ತಂಗಿಯಿಂದ ಉತ್ತರ ಬಂತು. ಅಣ್ಣ ಹಿಂದಿನ ವರ್ಷ ತೀರಿಕೊಂಡ, ಮಾತ್ರೆ ನುಂಗುತ್ತ ಕೊನೆಯವರೆಗೂ ಪಾಠ ಮಾಡಿದ ಎಂದು ಬರೆದಿದ್ದಳು. ಮುಂದೆ ಹೀಗಿತ್ತು: "ಹೈದರಾಬಾದಿನ ಜನ ತುಂಬ ಒಳ್ಳೆಯವರು, ನನ್ನ ತಲೆ ಕೆಟ್ಟು ಅಂಥವರ ಬಾಯಲ್ಲಿ ಕೆಟ್ಟ ಮಾತು ಕೇಳಿಸಿಕೊಂಡೆ ಎಂದು ಅಣ್ಣ ಸಾಯುವ ತನಕ ನಾಚಿಕೆಪಡುತ್ತಿದ್ದ. ನಿಮ್ಮ ಪತ್ರವನ್ನು ನಾನೀಗ ಯಾರಿಗೆ ಓದಿ ಹೇಳಲಿ?"